ಪಾತಿಯ ಅಂಚು

ಹೋಳಿ ಮುಗಿದ ಮೂರನೆಯ ದಿನ
ಸೆರಗು ಸಿಕ್ಕಿಸಿ ಅಂಗಳಕ್ಕೆ ಇಳಿದೆ.
ಬೈತಖೋಲದ ಈ ಇಳಿಜಾರಿನಲ್ಲಿ ಅಂಗಳವೆಂದರೆ ಎಷ್ಟು?
ಎರಡು ಬಲೆ ಹರವಿದರೆ ಮುಗಿಯಿತು.
ಅದರಲ್ಲೇ ತುಳಸಿ, ಅದರಲ್ಲೇ ಸ್ಕೂಟರು,
ಅದರಲ್ಲೇ ಗೋಡೆಗೊರಗಿ ಒಂದು ಹೂವಿನ ಪಾತಿ.

ಚಳಿಗಾಲದ ಗೊಂಡೆ ಒಣಗಿ ನಿಂತಿತ್ತು
ಮದುವೆ ಮುಗಿದು ವಾರವಾದ ಚಪ್ಪರದ ಹಾಗೆ.
ಕಿತ್ತೆ. ಸೀರೆ ತುಂಬ ಬೀಜ.
ಮರಳು ಮಣ್ಣು ನಮ್ಮದು; ಹೊಯ್ದ ನೀರು
ಸಂಬಳದ ದಿನದ ದುಡ್ಡಿನಂತೆ, ನೋಡುತ್ತಿದ್ದಂತೆ ಇಲ್ಲ.
ಅದಕ್ಕೇ ಎರಡು ಬುಟ್ಟಿ ಸಗಣಿಗೊಬ್ಬರ,
ಒಣಗಿ ಪುಡಿಯಾದ ತಾರ್ಲಿ ಮೀನು, ಮೇಲೆ ಒಲೆಯ ಬೂದಿ.
ಬೆಕ್ಕು ಮೂಸಿ ನೋಡಿ
ನನ್ನ ಮೇಲೆ ಸಿಟ್ಟು ಮಾಡಿಕೊಂಡು ಹೋಯಿತು.

ಪಾತಿಗೆ ಸೀಸೆಗಳ ಅಂಚು.
ಕುತ್ತಿಗೆ ಮಣ್ಣಿನೊಳಗೆ, ತಳ ಆಕಾಶಕ್ಕೆ.
ಎಲ್ಲ ಹಸಿರು, ಎಲ್ಲ ಗೋವೆಯವು.
ಮಾಜಾಳಿ ಗೇಟಿನಲ್ಲಿ ಪೋಲೀಸರ ಕಣ್ಣು ತಪ್ಪಿಸಿ
ಮೀನಿನ ಪೆಟ್ಟಿಗೆಯಡಿ ಮಲಗಿಕೊಂಡು ಬಂದವು,
ರೋಹಿದಾಸ ಟೆಂಪೋ ಓಡಿಸುತ್ತಿದ್ದ ಕಾಲಕ್ಕೆ.
ಅವನು ಖಾಲಿ ಮಾಡಿದ್ದನ್ನು ನಾನು ಹುಗಿದೆ
ಒಂದರ ಪಕ್ಕ ಒಂದು, ನಸುಕಿನಲ್ಲಿ,
ಒಳಗಿಂದ ಅವನ ಗೊರಕೆ ಕೇಳುತ್ತಿರುವಾಗಲೇ.
ಎಸೆದರೆ ಕೇರಿಗೆಲ್ಲ ಲೆಕ್ಕ ಸಿಗುತ್ತದೆ,
ಮಾರಿದರೆ ಗುಜರಿಯವನಿಗೆ.
ನೆಟ್ಟರೆ ಮಾತ್ರ ಎಲ್ಲರೂ ಅಂದರು:
ವೈನಿ, ಎಷ್ಟು ಚಂದ!
ನಲವತ್ತೊಂದು.
ಮಗಳು ಪ್ರಣಾಲಿ ಎಣಿಸಲು ಕಲಿತದ್ದು ಇಲ್ಲೇ.

ಆಮೇಲೆ ಅಂಚು ಬೆಳೆಯಲಿಲ್ಲ.
ಬಿಟ್ಟ. ಯಾಕೆ ಬಿಟ್ಟೆ ಎಂದು ನಾನು ಕೇಳಲಿಲ್ಲ.
ನಿಂತ ಮಳೆಯನ್ನು ಯಾರೂ ಕಾರಣ ಕೇಳುವುದಿಲ್ಲ.
ಬಾವಿ ಕಡೆಯ ಮೂಲೆಯಲ್ಲಿ ಒಂದು ಸೀಸೆಯಷ್ಟು ಜಾಗ
ನಾಲ್ಕು ವರ್ಷದಿಂದ ಬಾಯಿ ತೆರೆದಿದೆ.
ಅಲ್ಲಿಂದ ನೀರು ಹೋಗುತ್ತದೆ, ಪಕ್ಕದ ಮನೆಯ ಕೋಳಿ ಬರುತ್ತದೆ.

ಈ ಸಲ ಅವನೂ ಬಂದು ಕೂತ
ಬಕೆಟ್ಟು, ತೆಂಗಿನ ನಾರು ಹಿಡಿದು.
ಒಂದೊಂದೇ ತಳ ಉಜ್ಜಿದ, ಮಗುವಿನ ಬೆನ್ನು ಉಜ್ಜಿದ ಹಾಗೆ.
ನಾನು ಅಬ್ಬಲಿಗೆ ಸಸಿ ನೆಡುತ್ತಿದ್ದೆ.
ಭಾನುವಾರದ ಸಂತೆಯಲ್ಲಿ ಬುದವಂತಿ ಗೌಡ್ತಿ
ಬಾಳೆಪಟ್ಟೆಯಲ್ಲಿ ಸುತ್ತಿ ಕೊಟ್ಟದ್ದು, ಹತ್ತಕ್ಕೆ ಒಂದು ಮೇಲೆ.
"ಬೇರಿಗೆ ಬಿಸಿಲು ತೋರಿಸಬೇಡ ತಂಗಿ" ಎಂದಿದ್ದಳು.

ಅವನು ಬಾಯಿ ತೆರೆದ ಮೂಲೆಗೆ ಗೇಣು ಹಾಕಿ ನೋಡಿದ.
"ಒಂದು ಬೇಕಲ್ಲ" ಎಂದ.
"ತರಲಾ?"

ನನ್ನ ಕೈ ಮಣ್ಣಿನೊಳಗೇ ನಿಂತಿತು.
ಸ್ಕೂಟರು ಇಳಿಜಾರು ಇಳಿದ ಸದ್ದು.

ಆರನೆಯ ಸಸಿ. ಏಳನೆಯದು.
ಬಂದರಿನಲ್ಲಿ ಯಾರೋ ಐಸು ಒಡೆಯುತ್ತಿದ್ದರು.
ದೇವಗಡ ದ್ವೀಪದ ಹಿಂದೆ ಬಿಸಿಲು ಜಾರಿತು.
ಎಂಟನೆಯದನ್ನು ನಾನು ತಲೆಕೆಳಗಾಗಿ ನೆಡುತ್ತಿದ್ದೆನಂತೆ,
ಪ್ರಣಾಲಿ ನೋಡಿ ನಕ್ಕಳು.

ಬಂದಾಗ ದೀಪ ಹಚ್ಚುವ ಹೊತ್ತು.
ಮೊದಲು ಕಣ್ಣು ನೋಡಿದೆ,
ಆಮೇಲೆ ನಡಿಗೆ,
ಆಮೇಲೆ ಕೈಯಲ್ಲಿ ಕಾಗದ ಸುತ್ತಿದ್ದು.
"ಕೋಡಿಬಾಗದ ಗುಜರಿಯವ. ಬರೀ ಖಾಲಿಗೆ
ಐದು ರೂಪಾಯಿ ಕಿತ್ತ, ಕಳ್ಳ."
ತುಂಬಿದ್ದಕ್ಕೆ ಎಂದೂ ಚೌಕಾಸಿ ಮಾಡದವನು
ಅರ್ಧ ತಾಸು ಬೈದ.

ಆದರೂ, ಅವನು ಕೈಕಾಲು ತೊಳೆಯಲು ಹೋದಾಗ
ಸೀಸೆಯ ಬಾಯಿಗೆ ಮೂಗಿಟ್ಟೆ.
ಸೀಮೆಎಣ್ಣೆ, ಧೂಳು, ಒಳಗೊಂದು ಸತ್ತ ಇರುವೆ.

ಬಣ್ಣ ಕಂದು. ಯಾವುದೋ ಕಷಾಯದ್ದಿರಬೇಕು.
ಹಸಿರು ಸಾಲಿನಲ್ಲಿ ಅದೊಂದು ಕಟ್ಟಿಸಿದ ಹಲ್ಲಿನ ಹಾಗೆ.
ಅವನೇ ತೋಡಿದ, ಅವನೇ ಹುಗಿದ,
ಸುತ್ತ ಮಣ್ಣು ಹಿಮ್ಮಡಿಯಿಂದ ಒತ್ತಿದ.
"ನಲವತ್ತೆರಡು" ಅಂದಳು ಮಗಳು.
ಇಬ್ಬರೂ ಮಾತಾಡಲಿಲ್ಲ.

ಬೆಳಿಗ್ಗೆ ಪಕ್ಕದ ಮನೆಯ ಕೋಳಿ
ರೂಢಿಯಂತೆ ಅದೇ ಮೂಲೆಗೆ ಬಂತು,
ಕಂದು ಗಾಜಿನೆದುರು ಕತ್ತು ಓರೆ ಮಾಡಿ ನಿಂತಿತು,
ಎರಡು ಸಲ ಕುಕ್ಕಿತು,
ಆಮೇಲೆ ರೆಕ್ಕೆ ಬಿಚ್ಚಿ, ಸುಮ್ಮನೆ, ಅಂಚು ದಾಟಿ
ಅಬ್ಬಲಿಗೆಯ ನಡುವೆ ಇಳಿಯಿತು.